ಲಾಂಡ್ರಿ ವ್ಯಾನಿನ ಎಡಗಡೆ ಮಡ್‌ಗಾರ್ಡು

ನಮ್ಮ ಭಾವನಿಗೆ ಪುಟ್ಟಿ ಕಂಡರೆ ಆಗದು. ನನಗೆ ಪುಟ್ಟಿ ಇಲ್ಲದಿದ್ದರೆ ಆಗದು. ಹತ್ತೊಂಬತ್ತು ವರ್ಷದಿಂದ ಒಂದೇ ಶೆಡ್ಡಿನಲ್ಲಿ ಅವರು ಹಳೇ ಗಾಡಿಗಳ ತಗಡು ಬಡಿಯುತ್ತಾರೆ, ನಾನು ಅದರ ಮೇಲೆ ಬಣ್ಣ ಹೊಡೆಯುತ್ತೇನೆ. ಅವರು ನನ್ನ ಅಕ್ಕನ ಗಂಡ. ಹಾಗಾಗಿ ಜಗಳ ಆಡಬಹುದು, ಜಗಳ ಆಡಿ ಬಿಟ್ಟುಹೋಗುವ ಸೌಕರ್ಯ ಮಾತ್ರ ಇಬ್ಬರಿಗೂ ಇಲ್ಲ.

ತಗಡಿನ ತಗ್ಗು ತುಂಬುವ ಆ ಬೂದು ಬಣ್ಣದ ಪುಟ್ಟಿಗೆ ಭಾವ ಇಟ್ಟಿರುವ ಹೆಸರು ‘ಸುಳ್ಳು’. ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆಯುತ್ತಲೇ, “ಇವತ್ತು ಎಷ್ಟು ಡಬ್ಬ ಸುಳ್ಳು ಹಚ್ತೀಯೋ ಬಾಮೈದ?” ಎಂದು ಕೇಳುತ್ತಾರೆ. ಮೇಲೆ ಥಳುಕು ಒಳಗೆ ಹುಳುಕು ಅನ್ನುವ ಗಾದೆ ನನ್ನ ಕಸುಬನ್ನು ನೋಡಿಯೇ ಹುಟ್ಟಿದ್ದು ಎಂದು ಅವರ ನಂಬಿಕೆ. ನಾನೂ ಬಿಡುವುದಿಲ್ಲ. ನಿಮ್ಮ ಸುತ್ತಿಗೆಯ ಗುರುತು ಮುಚ್ಚುವುದಕ್ಕೇ ನನ್ನ ಅರ್ಧ ಡಬ್ಬ ಹೋಗುತ್ತದೆ ಎನ್ನುತ್ತೇನೆ. ಅದು ನಿಜವಲ್ಲ. ಭಾವ ಬಡಿದ ತಗಡಿನ ಮೇಲೆ ಕೈಯಾಡಿಸಿದರೆ ಅಂಗೈಗೆ ಏನೂ ಸಿಗುವುದಿಲ್ಲ.

ಅವರು ಕಸುಬು ಕಲಿತದ್ದು ಗಾಡಿಗಳಲ್ಲಿ ಅಲ್ಲ, ಸೋದರಮಾವನ ಅಂಗಡಿಯಲ್ಲಿ ಬಕೆಟ್ಟು, ಟ್ರಂಕು ಮಾಡುತ್ತಾ. ಆ ಮಾವ ಪ್ರತಿ ಬಕೆಟ್ಟನ್ನೂ ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿ ನೋಡದೆ ಗಿರಾಕಿಗೆ ಕೊಡುತ್ತಿರಲಿಲ್ಲವಂತೆ. ಅಲ್ಲಿಂದ ಗಾಡಿಗಳಿಗೆ ಬಂದ ಹೊಸದರಲ್ಲಿ ನಮ್ಮ ಅಪ್ಪನ ಕಾರಿನ ಬಾಗಿಲು ನೆಗ್ಗಿತ್ತು. ಸರಿ ಮಾಡಲು ಮನೆಗೇ ಬಂದರು. ಎರಡು ಗಂಟೆಯ ಕೆಲಸ. ಬಂದವರು ನಾಲ್ಕು ದಿನ ಬಂದರು. ನಾಲ್ಕನೇ ದಿನ ಅಪ್ಪ, “ಬಾಗಿಲು ಅಷ್ಟೊಂದು ಕೆಟ್ಟಿತ್ತೇನಪ್ಪಾ?” ಎಂದು ಕೇಳಿದರು. “ಬಾಗಿಲು ಮೊದಲ್ನೇ ದಿನಾನೇ ಸರಿಯಾಯ್ತು” ಎಂದು ಈ ಮನುಷ್ಯ ನೆಲ ನೋಡಿಕೊಂಡು ಹೇಳಿದರು. ಒಳಗೆ ಅಕ್ಕ ನಕ್ಕದ್ದು ಹೊರಗೆ ಕೇಳಿಸಿತು. ಅಪ್ಪನಿಗೆ ಬೇರೇನೂ ಕೇಳಬೇಕಾಗಿ ಬರಲಿಲ್ಲ.

ತುಕ್ಕು ಹಿಡಿದ ಗಾಡಿ ಬಂದರೆ ಭಾವ ಮೊದಲು ಕಬ್ಬಿಣ ಮುಟ್ಟುವುದಿಲ್ಲ. ಸುತ್ತಿಗೆಯ ಮರದ ಹಿಡಿಯಿಂದ ತಟ್ಟುತ್ತಾ ಹೋಗುತ್ತಾರೆ, ತಲೆ ಒಂದು ಕಡೆ ವಾಲಿಸಿಕೊಂಡು. “ಒಳ್ಳೇ ತಗಡು ಮಾತಾಡುತ್ತೆ, ಕೆಟ್ಟ ತಗಡು ಕೆಮ್ಮುತ್ತೆ” ಎನ್ನುತ್ತಾರೆ. ಕಣ್ಣಿಗೆ ಕಾಣುವ ತುಕ್ಕು ಕಾಲುಭಾಗ, ಉಳಿದ ಮುಕ್ಕಾಲು ಬಣ್ಣದ ಹಿಂದೆ ಇರುತ್ತದೆ. ಕೆಮ್ಮು ನಿಂತು ಮಾತು ಶುರುವಾಗುವ ಜಾಗದಲ್ಲಿ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಾರೆ. ಗೀಟಿಗೆ ಗೀಟು ಸೇರಿ ಗೆರೆಯಾಗುತ್ತದೆ. ಆ ಗೆರೆಯ ಮೇಲೆ ಕಟಿಂಗ್ ಮಷಿನ್ ಓಡಿಸಿ, ಕೆಟ್ಟದ್ದನ್ನು ತೆಗೆದು, ಹೊಸ ತಗಡು ಬಡಿದು ಕೂರಿಸುತ್ತಾರೆ. ತುಕ್ಕು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ, ಹಾಗಾಗಿ ಗೆರೆ ಕೆಳಗೆ ಬಿದ್ದರೆ ಹೊಸ ತಗಡನ್ನು ಹುಳುಕಿಗೆ ಹೊಲಿದ ಹಾಗೆ. ಮೇಲೆ ಬಿದ್ದರೆ ಚೆನ್ನಾಗಿರುವುದನ್ನು ಕೊಂದ ಹಾಗೆ. “ಒಳ್ಳೇ ತಗಡು ಕತ್ತರಿಸಿದ ದಿನ ಸುತ್ತಿಗೆ ಕೆಳಗಿಡ್ತೀನಿ” ಎಂದು ಅವರು ಶೆಡ್ಡಿಗೆ ಬಂದವರಿಗೆಲ್ಲ ಹೇಳಿಕೊಂಡಿದ್ದರು. ಇಂಥ ಮಾತನ್ನು ಮನುಷ್ಯ ವಯಸ್ಸಿರುವಾಗ ಧೈರ್ಯವಾಗಿ ಆಡಿಬಿಡುತ್ತಾನೆ, ಆಮೇಲೆ ಅದು ಬೆನ್ನು ಹತ್ತುತ್ತದೆ.

ಮೂರು ವರ್ಷದಿಂದ ಭಾವನ ಕಿವಿ ಮಂದವಾಗುತ್ತಾ ಬಂತು. ಮೂವತ್ತು ವರ್ಷ ಕಬ್ಬಿಣಕ್ಕೆ ಕಬ್ಬಿಣ ಬಡಿದವರ ಕಿವಿ ಇನ್ನೇನಾಗುತ್ತದೆ? ಆದರೆ ಅವರು ಒಪ್ಪಬೇಕಲ್ಲ. ಯಾರಾದರೂ ಏನಾದರೂ ಹೇಳಿದರೆ “ಹೂಂ, ಹೂಂ” ಎಂದು ತಲೆಯಾಡಿಸುವುದನ್ನು ಕಲಿತರು. ಇನ್ನೊಮ್ಮೆ ಹೇಳಿ ಅಂತ ಒಬ್ಬರನ್ನೂ ಕೇಳುತ್ತಿರಲಿಲ್ಲ. ಟಿವಿ ಮಾತ್ರ ಬೀದಿಗೆಲ್ಲ ಕೇಳುತ್ತಿತ್ತು. “ಈಗಿನ ಜನ ಬಾಯಿ ಬಿಟ್ಟು ಮಾತಾಡಲ್ಲ, ಬರೀ ಗೊಣಗ್ತಾರೆ” ಎಂದು ತಪ್ಪನ್ನು ಲೋಕದ ತಲೆಗೆ ಕಟ್ಟಿದರು. ಕಿವುಡನ ಮುಂದೆ ಕಿನ್ನರಿ ಅನ್ನುವ ಗಾದೆ ನನ್ನ ಬಾಯಿಗೆ ಎಷ್ಟೋ ಸಲ ಬಂದು, ಅಷ್ಟೇ ಸಲ ವಾಪಸ್ಸು ಹೋಗಿದೆ. ಹಾಗೆಂದರೆ ತಮಾಷೆ ಅಲ್ಲ, ಅವರ ಕಸುಬಿನ ಮೇಲೆ ಕಲ್ಲು ಹಾಕಿದಂತೆ. ಕಸುಬು ಬಿಟ್ಟರೆ ಭಾವ ಏನು ಮಾಡಿಕೊಂಡು ಇದ್ದಾರು ಎಂದು ಯೋಚಿಸಿದರೆ ನನಗೆ ಹೆದರಿಕೆಯಾಗುತ್ತಿತ್ತು.

ಆರು ತಿಂಗಳ ಕೆಳಗೆ ಒಂದು ಜೀಪಿನ ಮೇಲೆ ಅವರು ಎಳೆದ ಗೆರೆ ನೋಡಿದೆ. ಸುಮ್ಮನೆ ಒಂದು ಸಲ ತಟ್ಟಿದೆ. ಗೆರೆಯ ಆಚೆಗೂ ತಗಡು ಕೆಮ್ಮುತ್ತಿತ್ತು.  ಆಗ ಹೇಳಬೇಕಿತ್ತು, ಹೇಳಲಿಲ್ಲ. ಅವರು ಊಟಕ್ಕೆ ಹೋದಾಗ ಬಟ್ಟೆಯಲ್ಲಿ ಅವರ ಗೆರೆ ಒರೆಸಿ, ಎರಡು ಬೆರಳಿನಷ್ಟು ಮೇಲೆ ನಾನೇ ಒಂದು ಗೆರೆ ಎಳೆದೆ. ಊಟ ಮುಗಿಸಿ ಬಂದವರು ಮಷಿನ್ ಹಿಡಿದು ಆ ಗೆರೆಯ ಮೇಲೇ ಕತ್ತರಿಸಿದರು. ಏನೂ ಅನ್ನಲಿಲ್ಲ. ಅಂದಿನಿಂದ ಅದೇ ಅಭ್ಯಾಸವಾಯಿತು. ಅವರು ಊಟಕ್ಕೆ, ನಾನು ಗೆರೆಗೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು, ಅಷ್ಟೇ.

ಹೀಗಿರುವಾಗ ಒಂದು ಸೋಮವಾರ ಲಾಂಡ್ರಿಯಮ್ಮನ ವ್ಯಾನು ಬಂತು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕೊಡುವ ಹೆಂಗಸು. ಗಂಡ ಇಸ್ತ್ರಿ ಹಿಡಿದರೆ, ಈಕೆ ಇಪ್ಪತ್ತಾರು ವರ್ಷದ ಆ ವ್ಯಾನು ಓಡಿಸುತ್ತಾಳೆ. ದಿನವಿಡೀ ಒಗೆಯುವ ಮಷಿನ್‌ಗಳ ಗದ್ದಲದಲ್ಲಿ ಮಾತಾಡಿ ಮಾತಾಡಿ ಆಕೆಯ ಗಂಟಲು ದೊಡ್ಡದಾಗಿದೆ. ಭಾವನಿಗೆ ಆಕೆಯೆಂದರೆ ಇಷ್ಟ. ಆಕೆ ಆಡುವ ಒಂದು ಮಾತೂ ಅವರಿಗೆ ತಪ್ಪುವುದಿಲ್ಲ.

“ಮೇಸ್ತ್ರಿ, ಶುಕ್ರವಾರ ತಪಾಸಣೆಗೆ ನಿಲ್ಲಿಸಬೇಕು. ಹೋದ ಸಲ ಆ ತಪಾಸಣೆಯೋನು ಕೊನೇ ಎಚ್ಚರಿಕೆ ಅಂತ ಬರೆದುಕೊಟ್ಟ. ಈ ಸಲ ಫೇಲಾದ್ರೆ ವ್ಯಾನು ಗುಜರಿಗೆ, ನಾನು ಮನೆಗೆ” ಎಂದಳು.

ಹಿಂದಿನ ಎರಡೂ ಚಕ್ರದ ಮೇಲಿನ ಕಮಾನು, ಅಂದರೆ ಮಡ್‌ಗಾರ್ಡು, ತಿಂದುಹೋಗಿತ್ತು. ಬೇರೆ ಗಾಡಿಗಳಲ್ಲಿ ಈ ಜಾಗ ರಸ್ತೆಯ ಕೆಸರಿನಿಂದ, ಹೊರಗಿನಿಂದ ಕೆಡುತ್ತದೆ. ಇದರಲ್ಲಿ ಒಳಗಿನಿಂದ ಕೆಟ್ಟಿತ್ತು. ಒಗೆದ ಜಾಗದಿಂದ ಒಣಹಾಕುವ ಜಾಗಕ್ಕೆ ಒಯ್ಯುವ ಒದ್ದೆ ಬಟ್ಟೆಯ ಗಂಟುಗಳನ್ನು ವರ್ಷಗಟ್ಟಲೆ ಆ ಕಮಾನಿಗೇ ಒರಗಿಸಿ ಇಟ್ಟಿದ್ದಾರೆ, ಸೋಪಿನ ನೀರು ಸಂದಿಗೆ ಇಳಿದಿದೆ. ಭಾವ ಒಳಗಿನಿಂದ ಬೆರಳು ಒತ್ತಿದರೆ ಬೆರಳು ತಗಡು ತೂರಿ ಹೊರಗೆ ಬಂತು.

ಬಲಗಡೆಯದು ಸೋಮವಾರ, ಮಂಗಳವಾರದಲ್ಲಿ ಮುಗಿಯಿತು. ರಟ್ಟಿನಲ್ಲಿ ಅಳತೆ ಕತ್ತರಿಸಿ, ಅದೇ ಅಳತೆಗೆ ತಗಡು ಕತ್ತರಿಸಿ, ಮರಳು ತುಂಬಿದ ಚೀಲದ ಮೇಲಿಟ್ಟು ಬಡಿದು ಬಡಿದು ಕಮಾನು ಮಾಡಿದರು. ಆಮೇಲೆ ಚುಕ್ಕೆ ಚುಕ್ಕೆಯಾಗಿ ವೆಲ್ಡಿಂಗ್. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಆ ತುದಿಯಲ್ಲಿ, ತಗಡು ಕಾದು ಸೊಟ್ಟಗಾಗದಂತೆ. ಅವಸರ ಮಾಡಿದರೆ ತಗಡು ಮುನಿಸಿಕೊಳ್ಳುತ್ತದೆ ಎನ್ನುತ್ತಾರೆ. ಮನುಷ್ಯರ ಮುನಿಸಿಗೆ ಅವರು ಅಷ್ಟು ಹೆದರಿದ್ದನ್ನು ನಾನು ನೋಡಿಲ್ಲ.

ಬುಧವಾರ ಬೆಳಗ್ಗೆ ಎಡಗಡೆ ಹಿಡಿದರು. ಗೆರೆ ಎಳೆಯಲು ಅಂದು ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಎಡ ಅಂಗೈಯನ್ನು ತಗಡಿನ ಮೇಲೆ ಒತ್ತಿ, ಬಲಗೈಯಲ್ಲಿ ತಟ್ಟುತ್ತಿದ್ದರು. ನಾನು ಅದನ್ನು ನೋಡಿದೆ, ತಲೆಗೆ ಹಾಕಿಕೊಳ್ಳಲಿಲ್ಲ. ಅವರು ಊಟಕ್ಕೆ ಹೋದ ಮೇಲೆ ನಾನು ತಟ್ಟಿ ನೋಡಿದೆ. ಗೆರೆಯ ಮೇಲುಗಡೆಯೆಲ್ಲ ‘ಡಬ್ ಡಬ್’ ಎಂದಿತು, ಸತ್ತ ಸದ್ದು. ಭಾವನ ಕಿವಿ ಈ ಸಲ ಪೂರ್ತಿ ಕೈಕೊಟ್ಟಿತು ಎಂದುಕೊಂಡೆ. ಗೆರೆ ಒರೆಸಿದೆ. ನಾಲ್ಕು ಬೆರಳು ಮೇಲೆ, ಒಂದೇ ಉಸಿರಿನಲ್ಲಿ, ಹೊಸ ಗೆರೆ ಎಳೆದೆ.

ಊಟ ಮುಗಿಸಿ ಬಂದ ಭಾವ ಗೆರೆಯ ಮುಂದೆ ನಿಂತರು. ಅಷ್ಟು ಹೊತ್ತು ನಿಂತದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಒಮ್ಮೆ ನನ್ನ ಕಡೆ ನೋಡಿದರು. ನಾನು ಬಣ್ಣದ ಡಬ್ಬದಲ್ಲಿ ಕಡ್ಡಿಯಾಡಿಸುತ್ತಾ ಭಾರಿ ಕೆಲಸದವನಂತೆ ಬಗ್ಗಿದೆ. ಮಷಿನ್ ಶುರುವಾಯಿತು. ಕಿಡಿ ಹಾರಿತು. ನಿಂತಿತು.

ತುಂಡು ಅವರ ಕೈಗೆ ಬಂದಿತ್ತು. ಅದರ ಅಂಚು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಒಂದು ಪದರವಲ್ಲ, ಎರಡು ಪದರ. ಶಾಕ್ ಅಬ್ಸಾರ್ಬರಿನ ಮೇಲುತುದಿ ಬಿಗಿಯುವ ಜಾಗವದು, ರಸ್ತೆಯ ಗುಂಡಿಗಳ ಏಟೆಲ್ಲ ಬೀಳುವ ಜಾಗ, ಅದಕ್ಕೇ ಕಂಪನಿಯವರು ದಪ್ಪ ಹಾಕಿದ್ದರು. ಒಳಗಡೆಯಿಂದ ಯಾರೋ ಹೆಬ್ಬೆರಳು ದಪ್ಪ ಡಾಂಬರು ಬಳಿದಿದ್ದರು. ನನಗೆ ಕೇಳಿಸಿದ ಸತ್ತ ಸದ್ದು ಆ ಡಾಂಬರಿನದು. ಇಡೀ ವ್ಯಾನಿನಲ್ಲಿ ಅದಕ್ಕಿಂತ ಗಟ್ಟಿಯಾದ ತಗಡು ಇರಲಿಲ್ಲ, ಅದನ್ನೇ ಕತ್ತರಿಸಿ ಹಾಕಿದ್ದೆವು.

ಭಾವ ತುಂಡನ್ನು ಮೆಲ್ಲಗೆ ಕೆಳಗಿಟ್ಟರು. ಅದರ ಪಕ್ಕದಲ್ಲಿ ಸುತ್ತಿಗೆ ಇಟ್ಟರು. ಕೈ ತೊಳೆದುಕೊಂಡು ಮನೆಯೊಳಗೆ ಹೋದರು. ಕೆಲಸ ಅರ್ಧಕ್ಕೆ ಬಿಟ್ಟು ಮಧ್ಯಾಹ್ನ ಎರಡೂವರೆಗೆ ಅವರು ಕೈ ತೊಳೆದದ್ದು ಆ ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು.

 ಓಡಿಹೋಗಿಬಿಡೋಣ ಅಂತ ನನಗನ್ನಿಸಿತು, ಸುಳ್ಳೇಕೆ. ಕಾಲಿಗೆ ಬುದ್ಧಿ ಹೇಳುವುದು ನನಗೆ ಚಿಕ್ಕಂದಿನಿಂದ ಗೊತ್ತಿರುವ ವಿದ್ಯೆ. ಆದರೆ ಅವರು ಮಾಡದ ತಪ್ಪಿಗೆ ಅವರು ಸುತ್ತಿಗೆ ಬಿಟ್ಟು ಎದ್ದಿದ್ದರು. ಆ ತುಂಡು ಎತ್ತಿಕೊಂಡು ಒಳಗೆ ಹೋದೆ.

ಶೆಡ್ಡಿಗೆ ಅಂಟಿಕೊಂಡೇ ಅವರ ಅಡುಗೆಮನೆ. ಭಾವ ಮೇಜಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, ಒದ್ದೆ ಕೈಯಲ್ಲೇ ನಿಂತಿದ್ದಳು. ನಾನು ತುಂಡನ್ನು ಮೇಜಿನ ಮೇಲಿಟ್ಟೆ.

“ಆ ಗೆರೆ ನಿಮ್ಮದಲ್ಲ ಭಾವ. ನಾನು ಎಳೆದದ್ದು. ನಿಮ್ಮ ಗೆರೆ ಒರೆಸಿ ಎಳೆದೆ.”

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. “ಗೊತ್ತು” ಎಂದರು.

“ಯಾವಾಗಿಂದ?”

“ಜೀಪ್ ಬಂತಲ್ಲ, ಆವತ್ತಿಂದ. ನನ್ನ ಗೆರೆ ಕುಂಟುತ್ತೆ ಕಣೋ. ತಟ್ಟಿ ತಟ್ಟಿ ಎಳೆಯೋದು, ಗೀಟು ಗೀಟಾಗೇ ಇರುತ್ತೆ. ನಿಂದು ಬ್ರಷ್ ಹಿಡಿದೋನ ಗೆರೆ, ಜಾರಿಕೊಂಡು ಹೋಗುತ್ತೆ. ಅಷ್ಟೂ ತಿಳಿಯಲ್ವಾ ನನಗೆ?”

 ಆರು ತಿಂಗಳು ನಾನು ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ನಾನು ಕಾಪಾಡುತ್ತಿದ್ದೇನೆ ಅನ್ನುವ ಸಂತೋಷವನ್ನು ಅವರು ಕಾಪಾಡುತ್ತಿದ್ದರು.

“ಮತ್ತೆ ಇವತ್ತು ಯಾಕೆ ಕತ್ತರಿಸಿದ್ರಿ? ನಿಮಗೆ ತಪ್ಪು ಅಂತ ಗೊತ್ತಾಗಲಿಲ್ವಾ?”

“ಬೆರಳಿಗೆ ಗೊತ್ತಾಗಿತ್ತು” ಎಂದರು ಭಾವ. “ಆದ್ರೆ ನೀನು ಕೇಳಿ ಎಳೆದಿದ್ದೀಯ. ನಾನು ಯಾರನ್ನ ನಂಬಲಿ? ನನ್ನ ಬೆರಳನ್ನೋ, ನಿನ್ನ ಕಿವಿಯನ್ನೋ?”

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಅವರ ಎದುರಿಗೇ ಕೂತಳು. ಅವಳಿಗೆ ಕೋಪ ಬಂದಿತ್ತು. ಅವಳ ಕೋಪ ಜೋರಿನದಲ್ಲ, ಮಾತು ಒಂದೊಂದೇ ಆಗುತ್ತದೆ.

“ಮೊದಲು ನೀವು ಎಲ್ಲಿ ಗೆರೆ ಹಾಕಿದ್ರಿ?”

ಭಾವ ತುಂಡಿನ ಕೆಳ ಅಂಚಿನ ಹತ್ತಿರ ಬೆರಳಿಟ್ಟು ತೋರಿಸಿದರು.

“ಅಲ್ಲಿ ಕತ್ತರಿಸಿದ್ದಿದ್ರೆ?”

“ಸರಿಯಾಗಿರ್ತಿತ್ತು.”

“ಹಾಗಾದ್ರೆ ತಪ್ಪು ಮಾಡಿದ್ದು ಕಿವಿ ಕೇಳೋನು. ಕಿವಿ ಕೇಳದೇ ಇರೋರು ಸರಿಯಾಗೇ ಹಾಕಿದ್ರು. ಮತ್ತೆ ಸುತ್ತಿಗೆ ಕೆಳಗಿಟ್ಟು ಬಂದು ಇಲ್ಲೇನು ಕೂತಿದ್ದೀರಿ?”

ಮೂರು ವರ್ಷ ಯಾರೂ ಆಡದಿದ್ದ ಮಾತನ್ನು ಅಕ್ಕ ಉಪ್ಪು ಕೊಡಿ ಅನ್ನುವಷ್ಟು ಸಲೀಸಾಗಿ ಆಡಿಬಿಟ್ಟಳು.   ಭಾವ ತುಂಡನ್ನು ಎತ್ತಿಕೊಂಡು ಎದ್ದರು.

“ಮೂರು ಮಿಲಿಮೀಟರ್ ದಪ್ಪದ ಪ್ಲೇಟ್ ಬೇಕು. ಹಳೇ ಲಾರಿಯದು ಹಿಂದುಗಡೆ ಬಿದ್ದಿದೆ, ತಗೊಂಡು ಬಾ” ಎಂದರು ನನಗೆ. ಬಾಗಿಲಲ್ಲಿ ತಿರುಗಿ, “ನಿನ್ನ ಕಿವಿ ಮನೇಲಿಟ್ಟು ಬಾ” ಎಂದೂ ಸೇರಿಸಿದರು.

ಆ ಬುಧವಾರದ ಉಳಿದ ಹೊತ್ತು, ಗುರುವಾರ ಇಡೀ ದಿನ ನಾನು ಬ್ರಷ್ ಮುಟ್ಟಲಿಲ್ಲ. ಕತ್ತರಿಸಿದ ತುಂಡನ್ನೇ ಅಳತೆಗಿಟ್ಟು ಎರಡು ಪದರದ ಪ್ಲೇಟು ಮಾಡಿದೆವು. ಅದರ ತೂತುಗಳು ಕೂದಲೆಳೆಯಷ್ಟು ಆಚೀಚೆ ಆಗುವಂತಿರಲಿಲ್ಲ. ಎರಡು ಸಲ ಕೂರಿಸಿ, ಸರಿಬಾರದೆ, ಎರಡು ಸಲವೂ ಬಿಚ್ಚಿಸಿದರು. ನಾನು ಗೊಣಗಿದೆ. ಅವರಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ ಸ್ವಲ್ಪ ಹೆಚ್ಚೇ ಗೊಣಗಿದೆ. “ಬೈಯೋದಿದ್ರೆ ಎದುರಿಗೆ ಬಂದು ಬೈಯಿ, ಬಾಯಾದ್ರೂ ಕಾಣಲಿ” ಎಂದರು, ಬೆನ್ನು ತಿರುಗಿಸಿಯೇ.

ನಡುವೆ ಒಮ್ಮೆ ನನ್ನ ಕೈ ಹಿಡಿದು ಬಲಗಡೆಯ ತಗಡಿನ ಮೇಲೆ ಒತ್ತಿದರು. ಆಚೆಯಿಂದ ತಟ್ಟಿದರು. “ಗೊತ್ತಾಯ್ತಾ?”

“ಇಲ್ಲ.”

“ಕಣ್ಣು ಮುಚ್ಚು.”

ಮುಚ್ಚಿದೆ. ಗೊತ್ತಾಗಲಿಲ್ಲ. “ಪೇಂಟರ್ ಕೈ” ಎಂದು ಹಳಿದು, ಕೆಟ್ಟ ತುಂಡೊಂದನ್ನು ತಂದು ಅದರ ಮೇಲೆ ಒತ್ತಿಸಿ ತಟ್ಟಿದರು, ಮತ್ತೆ ಒಳ್ಳೆಯದರ ಮೇಲೆ. ಐದನೆಯದೋ ಆರನೆಯದೋ ಸಲಕ್ಕೆ ತಿಳಿಯಿತು. ಒಳ್ಳೆಯ ತಗಡಿನ ನಡುಕ ಮಣಿಕಟ್ಟಿನವರೆಗೆ ಓಡಿಬರುತ್ತದೆ. ಕೆಟ್ಟದ್ದರದು ಬೆರಳ ತುದಿಯಲ್ಲೇ ನಿಂತುಬಿಡುತ್ತದೆ. ಇದನ್ನು ಅವರು ಒಬ್ಬರೇ, ಯಾರಿಗೂ ಹೇಳದೆ, ತಿಂಗಳುಗಟ್ಟಲೆ ಕೂತು ಕಲಿತಿದ್ದರು. ಮೊದಮೊದಲು ತಪ್ಪಿದೆ, ಆ ತಪ್ಪುಗಳನ್ನೇ ನಾನು ಒರೆಸಿದ್ದು. ಯಾವಾಗಿನಿಂದ ಅವರ ಗೆರೆ ಸರಿಯಾಗತೊಡಗಿತ್ತೋ ದೇವರಿಗೇ ಗೊತ್ತು. ಸರಿಯಿದ್ದದ್ದನ್ನೂ ಎಷ್ಟು ಸಲ ಒರೆಸಿದ್ದೇನೋ. ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಆ ಹೊತ್ತಿನಲ್ಲಿ ನನಗೆ ಈ ಮನುಷ್ಯನ ಮೇಲೆ ಬಂದ ಪ್ರೀತಿ ಅಷ್ಟಿಷ್ಟಲ್ಲ. ಬಾಯಲ್ಲಿ ಮಾತ್ರ, “ಕೈ ಬಿಡಿ, ನೋಯ್ತಿದೆ” ಎಂದೆ.

ಶುಕ್ರವಾರ ಬೆಳಗ್ಗೆ ವ್ಯಾನು, ನಾನು ನಸುಕಿನಲ್ಲಿ ಬಳಿದ ಎರಡು ಕೆಂಪು ಪ್ರೈಮರಿನ ಕೆನ್ನೆ ಹೊತ್ತುಕೊಂಡೇ ತಪಾಸಣೆಗೆ ಹೊರಟಿತು. ಮೇಲಿನ ಬಣ್ಣಕ್ಕೆ ಸಮಯವಿರಲಿಲ್ಲ, ಪುಟ್ಟಿಗೆ ಜಾಗವಿರಲಿಲ್ಲ. ಲಾಂಡ್ರಿಯಮ್ಮ ಓಡಿಸಿದಳು. ಸಾಮಾನ್ಯವಾಗಿ ಮನೆಯಲ್ಲೇ ಉಳಿಯುವ ಭಾವ ಅಂದು ತಾವೂ ಬರುತ್ತೇನೆ ಎಂದು ಹತ್ತಿದರು. ಹಿಂದೆ ಬಟ್ಟೆ ಗಂಟುಗಳ ಜಾಗದಲ್ಲಿ ನಾನು ಕೂತೆ.

ತಪಾಸಣೆಯವನು ತೆಳ್ಳಗಿನ ಮನುಷ್ಯ, ಕಿಸೆಯಲ್ಲಿ ಸಣ್ಣದೊಂದು ಸುತ್ತಿಗೆ. ವ್ಯಾನನ್ನು ಗುಂಡಿಯ ಮೇಲೆ ನಿಲ್ಲಿಸಿಕೊಂಡು ಕೆಳಗಿಳಿದ. ಬಲಗಡೆ ತಟ್ಟಿದ. ಎಡಗಡೆ ತಟ್ಟಿದ. ಎಡಗಡೆ ಇನ್ನೊಮ್ಮೆ ತಟ್ಟಿದ. ಲಾಂಡ್ರಿಯಮ್ಮ ಜೀವನದಲ್ಲಿ ಮೊದಲ ಸಲ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು. ನಾನು ಶಬ್ದಕ್ಕೆ ಕಿವಿಯೊಡ್ಡಿದ್ದೆ. ಭಾವ ವ್ಯಾನಿನ ಮೈಮೇಲೆ ಅಂಗೈ ಊರಿಕೊಂಡು ನಿಂತಿದ್ದರು. ಒಂದೊಂದು ಏಟಿಗೂ ಅವರ ರೆಪ್ಪೆ ಸಣ್ಣಗೆ ಆಡುತ್ತಿತ್ತು.

ತಪಾಸಣೆಯವನು ಗುಂಡಿಯಿಂದ ಮೇಲೆ ಬಂದು ಭಾವನ ಬೆನ್ನ ಹಿಂದೆ ನಿಂತು, ಕಾಗದ ನೋಡುತ್ತಾ ಏನೋ ಕೇಳಿದ. ನನಗೆ ಸ್ಪಷ್ಟವಾಗಿ ಕೇಳಿಸಿತು. ಭಾವನಿಗೆ ಅವನ ತುಟಿ ಆಡಿದ್ದೂ ಕಾಣಲಿಲ್ಲ. ನನ್ನ ಮುಖ ನೋಡಿ, ಯಾರೋ ಮಾತಾಡಿದ್ದಾರೆ ಎಂದು ತಿಳಿದು ತಿರುಗಿದರು. ಎಂದಿನಂತೆ “ಹೂಂ, ಹೂಂ” ಎನ್ನುತ್ತಾರೆ ಎಂದುಕೊಂಡೆ. ಅವರ ಪರವಾಗಿ ಉತ್ತರ ಹೇಳಲು ಬಾಯಿಯನ್ನೂ ತೆರೆದೆ. ಅವರು ಕೈಯೆತ್ತಿ ನನ್ನನ್ನು ತಡೆದರು.

“ನನಗೆ ಕಿವಿ ಕೇಳಲ್ಲ ಸ್ವಾಮಿ” ಎಂದರು. “ಎದುರಿಗೆ ಬಂದು, ಇನ್ನೊಂದು ಸಲ ಹೇಳಿ.”

ಸಾಲಿನಲ್ಲಿ ನಿಂತಿದ್ದ ಡ್ರೈವರುಗಳೆಲ್ಲ ಅಲ್ಲೇ ಇದ್ದರು. ಅರ್ಧ ಜನ ನಮ್ಮ ಶೆಡ್ಡಿಗೆ ಬರುವವರೇ.  ಯಾರೂ ನಗಲಿಲ್ಲ. ಒಬ್ಬ ತನ್ನ ಟೈರು ಒದ್ದು ನೋಡುತ್ತಿದ್ದ, ಇನ್ನೊಬ್ಬ ಆಕಳಿಸಿದ. ತಪಾಸಣೆಯವನು ಎರಡು ಹೆಜ್ಜೆ ಸುತ್ತಿ ಭಾವನ ಎದುರಿಗೆ ಬಂದ. ಕಾಗದ ಕೆಳಗಿಳಿಸಿ, ಮುಖವೆತ್ತಿ, ನಿಧಾನವಾಗಿ ಕೇಳಿದ.

“ಎಡಗಡೆ ಕೆಲಸ ಯಾರು ಮಾಡಿದ್ದು ಅಂದೆ. ಬಹಳ ಗಟ್ಟಿ ಕೂರಿಸಿದ್ದಾರೆ.”

“ನಾನು” ಎಂದರು ಭಾವ.

ಅವನು ಕಾಗದಕ್ಕೆ ಮುದ್ರೆ ಒತ್ತಿ ಕೊಟ್ಟು ಮುಂದಿನ ಗಾಡಿಗೆ ಹೋದ. ಅಷ್ಟೇ ಆದದ್ದು. ಭಾವ ಮೂರು ವರ್ಷ ಹೆದರಿದ್ದು ಆ ಮನುಷ್ಯನ ಎರಡು ಹೆಜ್ಜೆಗೆ.